ವಿಲ್ಮ್ಸ್ ಗೆಡ್ಡೆಯಿಂದ ಗುಣವಾದವರ ಕೊಲೊನೊಸ್ಕೊಪಿ: ಕರುಳು ತೊಳೆಯುವ ಔಷಧಿಯ ಆಯ್ಕೆ

ವಿಲ್ಮ್ಸ್ ಗೆಡ್ಡೆ ಎಳೆಯ ಮಕ್ಕಳ ಮೂತ್ರಪಿಂಡದಲ್ಲಿ ಹುಟ್ಟುವ ಕ್ಯಾನ್ಸರ್. ಗೆಡ್ಡೆಯಿರುವ ಮೂತ್ರಪಿಂಡವನ್ನು ತೆಗೆದು ವಿನ್‌ಕ್ರಿಸ್ಟಿನ್, ಡ್ಯಾಕ್ಟಿನೊಮೈಸಿನ್ ಔಷಧಿಗಳನ್ನು ಕೊಡುತ್ತಾರೆ. ರೋಗ ಹರಡಿದ್ದರೆ ಡಾಕ್ಸೊರುಬಿಸಿನ್ ಜೊತೆಗೆ ಹೊಟ್ಟೆಗೆ ವಿಕಿರಣವನ್ನೂ ಕೊಡುತ್ತಾರೆ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ರಾಷ್ಟ್ರೀಯ ಅಧ್ಯಯನ ಸರಣಿ ಯಾವ ಮಗುವಿಗೆ ಎಷ್ಟು ಚಿಕಿತ್ಸೆ ಸಾಕು ಎಂಬುದನ್ನು ಹಂತಹಂತವಾಗಿ ಕಂಡುಕೊಂಡಿತು. ಆ ಮಕ್ಕಳಲ್ಲಿ ಬಹುಪಾಲು ಬದುಕಿ ಈಗ ನಡುವಯಸ್ಸಿಗೆ ಬಂದಿದ್ದಾರೆ. ಅವರ ಬಾಲ್ಯದ ಚಿಕಿತ್ಸೆಯೂ ಕೊಲೊನೊಸ್ಕೊಪಿಯ ಪೂರ್ವತಯಾರಿಯೂ ಒಂದೇ ದೇಹದಲ್ಲಿ ಎದುರಾದಾಗ ಏನಾಗುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ.

ಕೊಲೊನೊಸ್ಕೊಪಿ ಏಕೆ ಬೇಕು ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದ 14,358 ಮಂದಿಯನ್ನು ಹಿಂಬಾಲಿಸಿದ ಉತ್ತರ ಅಮೆರಿಕದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಜಠರ ಮತ್ತು ಕರುಳಿನ ಹೊಸ ಕ್ಯಾನ್ಸರ್ ಇವರಲ್ಲಿ ಸಾಮಾನ್ಯರಿಗಿಂತ 4.6 ಪಟ್ಟು ಹೆಚ್ಚಿತ್ತು. ಹೊಟ್ಟೆಗೆ ವಿಕಿರಣ ಪಡೆದವರಲ್ಲಿ ಅದು 11 ಪಟ್ಟು ಮೀರಿತ್ತು. ಹೀಗಾಗಿ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ವಿಕಿರಣ ಮುಗಿದು 5 ವರ್ಷ ಅಥವಾ 30ನೇ ವಯಸ್ಸು, ಯಾವುದು ಕೊನೆಗೆ ಬರುತ್ತದೋ ಅಲ್ಲಿಂದ ಪರೀಕ್ಷೆ ಶುರುಮಾಡಿ ಎನ್ನುತ್ತದೆ: 5 ವರ್ಷಕ್ಕೊಮ್ಮೆ ಕೊಲೊನೊಸ್ಕೊಪಿ, ಇಲ್ಲವೇ 3 ವರ್ಷಕ್ಕೊಮ್ಮೆ ಮಲದ ಡಿಎನ್‌ಎ ಪರೀಕ್ಷೆ. ಎರಡನೆಯದಕ್ಕೆ ಕರುಳು ತೊಳೆಯಬೇಕಿಲ್ಲ ನಿಜ, ಆದರೆ ಫಲಿತಾಂಶ ಪಾಸಿಟಿವ್ ಬಂದರೆ ಕೊಲೊನೊಸ್ಕೊಪಿ ತಪ್ಪದು.

ತೊಡಕು ಶುರುವಾಗುವುದು ಹಿಂದಿನ ಸಂಜೆ ಕುಡಿಯುವ ದ್ರಾವಣದಲ್ಲಿ. ಡಲ್ಲಸ್‌ನ ಫೋರ್ಡ್‌ಟ್ರಾನ್ ಬಳಗ 1980ರಲ್ಲಿ ಪ್ರಕಟಿಸಿದ ಪಾಲಿಎಥಿಲಿನ್ ಗ್ಲೈಕಾಲ್ ದ್ರಾವಣ ಕರುಳಿನಲ್ಲಿ ಹೀರಲ್ಪಡುವುದೇ ಇಲ್ಲವೆನ್ನಬಹುದು. ನೀರನ್ನು ತನ್ನೊಡನೆ ಹಿಡಿದಿಟ್ಟುಕೊಂಡೇ ಹೊರಬೀಳುತ್ತದೆ, ರಕ್ತದ ಲವಣಗಳು ಹೆಚ್ಚು ಏರುಪೇರಾಗುವುದಿಲ್ಲ. ಆದರೆ ಮೂಲ ಪ್ರಮಾಣ 4 ಲೀಟರ್, ರುಚಿಯೋ ಉಪ್ಪುಪ್ಪು. ಸೋಡಿಯಂ ಫಾಸ್ಫೇಟ್ ಜನಪ್ರಿಯವಾದದ್ದು ಈ ಕಾರಣಕ್ಕೇ: 45 ಮಿಲಿಲೀಟರಿನ ಎರಡು ಡೋಸ್, ಮೇಲೆ ನೀರು, ಅಷ್ಟೆ. ಆದರೆ ಅದು ಹೀರಲ್ಪಡುತ್ತದೆ. ರಕ್ತದಲ್ಲಿ ಏರಿದ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಹರಳುಗಟ್ಟುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞರು 2005ರಲ್ಲಿ ವರದಿ ಮಾಡಿದ ಇಂಥ 21 ರೋಗಿಗಳಲ್ಲಿ ನಾಲ್ವರಿಗೆ ಶಾಶ್ವತ ಡಯಾಲಿಸಿಸ್ ಬೇಕಾಯಿತು; ಉಳಿದ 17 ಮಂದಿಯ ಮೂತ್ರಪಿಂಡಗಳೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 2008ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಬಗೆಯ ಮಾತ್ರೆಗಳ ಮೇಲೆ ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು.

ಒಂದೇ ಮೂತ್ರಪಿಂಡದವರಿಗೆ ಸೋಡಿಯಂ ಫಾಸ್ಫೇಟ್ ಕೊಡಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೂತ್ರಪಿಂಡದ ಕೆಲಸವನ್ನು ಅಳೆಯುವ ರಕ್ತದ ಕ್ರಿಯಾಟಿನಿನ್ ನಾರ್ಮಲ್ ಇದೆ ಎಂಬ ಸಮಾಧಾನವೂ ಸಾಲದು. ಅದು ಮಾಂಸಖಂಡದಿಂದ ಬರುವುದರಿಂದ, ಬಾಲ್ಯದ ಚಿಕಿತ್ಸೆಯಿಂದ ಮಾಂಸಖಂಡ ಕಡಿಮೆಯಿರುವವರಲ್ಲಿ ಆ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ; ಅನುಮಾನವಿದ್ದರೆ ಮಾಂಸಖಂಡವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ನೋಡಬೇಕು. ಡಾಕ್ಸೊರುಬಿಸಿನ್ ಹೃದಯವನ್ನು ದುರ್ಬಲಗೊಳಿಸಬಲ್ಲದಾದ್ದರಿಂದ ಅದನ್ನು ಪಡೆದವರ ಹೃದಯವನ್ನೂ ಎಕೊದಲ್ಲಿ ಮೊದಲೇ ನೋಡಿರಬೇಕು. ಹಳೆಯ ಶಸ್ತ್ರಚಿಕಿತ್ಸೆಯಿಂದ ಕರುಳು ಅಂಟಿಕೊಂಡಿದ್ದರೆ ತೊಳೆಯುವುದೂ ಕಷ್ಟ, ನಳಿಗೆ ಸಾಗುವುದೂ ಕಷ್ಟ.

ಹಾಗಾದರೆ ಸರಿಯಾದ ಕ್ರಮ ಯಾವುದು? ಪಾಲಿಎಥಿಲಿನ್ ಗ್ಲೈಕಾಲನ್ನೇ ಎರಡು ಪಾಲು ಮಾಡಿ, ಒಂದನ್ನು ಹಿಂದಿನ ಸಂಜೆ, ಇನ್ನೊಂದನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರುಮಾಡಿ, 2 ಗಂಟೆ ಉಳಿದಿರುವಾಗ ಮುಗಿಸುವುದು. ಕರುಳು ಎಷ್ಟು ಸ್ವಚ್ಛವಾಗಿದೆ ಎಂದು ಅಳೆಯುವ ಬಾಸ್ಟನ್ ಮಾಪಕದಲ್ಲಿ ದೊಡ್ಡ ಕರುಳಿನ ಮೂರು ಭಾಗಕ್ಕೂ 3ರಲ್ಲಿ ಕನಿಷ್ಠ 2 ಅಂಕ ಬರಬೇಕು. ನಮ್ಮ ಅಡುಗೆಮನೆಗೆ ಹೊಂದಿಸಿ ಹೇಳುವುದಾದರೆ, ಹಿಂದಿನ ದಿನಗಳಲ್ಲಿ ರಾಗಿ, ಸೊಪ್ಪು, ಸೀಬೆ, ಟೊಮೆಟೊ, ಬದನೆ ಬೇಡ. ಸಣ್ಣ ಬೀಜಗಳು ಕೊಲೊನೊಸ್ಕೋಪಿನ ಹೀರುನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಎಳನೀರು ತಿಳಿ ದ್ರವವೆಂದು ಎಲ್ಲರಿಗೂ ಹೇಳಿಬಿಡುವ ರೂಢಿಯಿದೆ. ಅದರಲ್ಲಿ ಪೊಟ್ಯಾಸಿಯಂ ಹೇರಳ; ಮೂತ್ರಪಿಂಡ ಸೊರಗಿದವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಇಷ್ಟಾದರೂ ಕರುಳು ತೊಳೆಯುವ ಔಷಧಿಗಳ ಪ್ರಯೋಗಗಳು ಮೂತ್ರಪಿಂಡ, ಹೃದಯ ದುರ್ಬಲವಾದವರನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಸುರಕ್ಷತೆಗಾಗಿ ಮಾಡಿದ ಈ ನಿಯಮದಿಂದ, ಪದೇ ಪದೇ ಕೊಲೊನೊಸ್ಕೊಪಿ ಬೇಕಾದವರ ಪೈಕಿ ಹಲವರು ಪುರಾವೆಯ ಹೊರಗೇ ಉಳಿಯುತ್ತಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1991ರಿಂದ ಚಿಕಿತ್ಸೋತ್ತರ ಕ್ಲಿನಿಕ್ ನಡೆಯುತ್ತಿದೆ. ಇಂಥ ಕ್ಲಿನಿಕ್‌ಗಳಿಗೆ ಬರುವವರಲ್ಲಿ ತೊಳೆಯುವ ಮುಂಚೆ ಮತ್ತು ನಂತರ ಸೋಡಿಯಂ, ಪೊಟ್ಯಾಸಿಯಂ, ಫಾಸ್ಫೇಟ್, ಸಿಸ್ಟಾಟಿನ್-ಸಿ ಅಳೆದು ಬಾಸ್ಟನ್ ಅಂಕದೊಡನೆ ದಾಖಲಿಸಿದರೆ, ಈ ಗುಂಪಿಗೇ ಹೊಂದುವ ಪ್ರಮಾಣವನ್ನು ನಿರ್ಧರಿಸಲು ಮೊದಲ ಮಾಹಿತಿ ಸಿಗುತ್ತದೆ.