ಭಾಡೆ ಪಾವತಿ ಯಾರ ಹೆಸರಲ್ಲಿದೆ?

1973ರ ಫೆಬ್ರವರಿ 1. ಮುಂಬಯಿಯಲ್ಲಿ ಬಾಡಿಗೆ ಮನೆಯ ಕೋರ್ಟು ಕೇಸು ನಡೆಸಿದವರಿಗೆಲ್ಲ ಈ ತಾರೀಖು ಬಾಯಿಪಾಠ. ಅಂದು ಚಾಲ್ತಿಯಲ್ಲಿದ್ದ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ ಒಂದು ಖೋಲಿಯಲ್ಲಿ ಇದ್ದವರನ್ನೆಲ್ಲ ಆ ಖೋಲಿಯ ಬಾಡಿಗೆದಾರರೆಂದೇ ತಿಳಿಯತಕ್ಕದ್ದು ಎಂದು ಬಾಡಿಗೆ ಕಾನೂನಿಗೆ ತಿದ್ದುಪಡಿ ಬಂತು. ಮಾಲೀಕ ಏಳು ಎಂದರೆ ಏಳಬೇಕಾಗಿದ್ದವರು ಕಾಲೂರಿ ನಿಂತರು. ಆದರೆ ಈ ಸವಲತ್ತು ಯಾರಿಗೆ ಇಲ್ಲ ಎಂಬುದನ್ನೂ ಅದೇ ತಿದ್ದುಪಡಿ ಹೇಳುತ್ತದೆ. ಕರಾರು ಕೊಟ್ಟವನ ಕೈಕೆಳಗೆ ನೌಕರಿಗೆ ಇರುವವನಿಗಿಲ್ಲ. ಇನ್ನೊಬ್ಬನ ನಡೆಯುತ್ತಿರುವ ವ್ಯಾಪಾರವನ್ನು ತಾನು ನಡೆಸುತ್ತಿರುವವನಿಗಿಲ್ಲ. ಪೇಯಿಂಗ್ ಗೆಸ್ಟಿಗಿಲ್ಲ, ಲಾಡ್ಜಿನಲ್ಲಿ ಇರುವವನಿಗಿಲ್ಲ.

ಈ ಸಾಲುಗಳನ್ನು ಮೊದಲ ಸಲ ಓದಿದಾಗ, ನಮ್ಮ ಕರಾವಳಿಯ ಹೋಟೆಲಿನವರನ್ನು ಎದುರಿಗೆ ಕೂರಿಸಿಕೊಂಡು ಯಾರೋ ಬರೆದಿದ್ದಾರೆ ಎಂದೇ ನನಗನ್ನಿಸಿತು. ಹೋಟೆಲಿನ ಮಾಣಿ ನೌಕರಿಯವನು, ರಾತ್ರಿ ಹೋಟೆಲಿನಲ್ಲೇ ಮಲಗುವವನು. ಅವನಿಗಿಂತ ಒಂದು ಮೆಟ್ಟಿಲು ಮೇಲೆ ಹತ್ತಿದವನು ಹೋಟೆಲನ್ನು ‘ಕಂಡಕ್ಟಿಂಗ್’ ಮೇಲೆ ತೆಗೆದುಕೊಂಡವನು. ಅಂದರೆ ಜಾಗ, ಲೈಸೆನ್ಸ್, ಬೋರ್ಡು ಎಲ್ಲ ಸೇಠನದು. ಒಲೆ ಮತ್ತು ಬೆವರು ಇವನದು. ದಿನಕ್ಕೋ ತಿಂಗಳಿಗೋ ಇಷ್ಟು ಅಂತ ಸೇಠನಿಗೆ ಕಟ್ಟುವುದು. ಇಬ್ಬರೂ ಆ ಪಟ್ಟಿಯಿಂದ ಹೊರಗೆ.

ಗ್ರಾಂಟ್ ರೋಡಿನ ಚರಿತ್ರೆ ಬರೆಯಲು ಕೂತು ಕಾನೂನಿನಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಈ ಪ್ರದೇಶವನ್ನು ಸುಧಾರಿಸುತ್ತೇವೆ ಎಂದು ಒಬ್ಬರ ನಂತರ ಒಬ್ಬರು ನಕ್ಷೆ ಹಿಡಿದುಕೊಂಡು ಬಂದಿದ್ದಾರೆ. ಪ್ರತಿ ನಕ್ಷೆಗೂ ಒಂದು ಪಟ್ಟಿ, ಪ್ರತಿ ಪಟ್ಟಿಗೂ ಒಂದು ತಾರೀಖು.

ಮೊದಲು ಊರಿನ ಕತೆ. ಹೆಸರು ಬಂದದ್ದು 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟನಿಂದ. ಅವನ ಹೆಸರಿನ ರಸ್ತೆ ತೆರೆಯುವ ಹೊತ್ತಿಗೆ ಅವನೇ ಇರಲಿಲ್ಲ. ಆಗ ಇದು ಊರ ಹೊರಗಿನ ಜಾಗ. ಖೇತವಾಡಿ ಎಂಬ ಹೆಸರಿನಲ್ಲೇ ಹೊಲವಿದೆ. 1864ರಲ್ಲಿ ಗುಜರಾತಿನ ಕಡೆಯಿಂದ ಬಂದ ಬಿ.ಬಿ. ಅಂಡ್ ಸಿ.ಐ. ರೈಲು ಮೊದಲು ಇಲ್ಲಿಗೇ ಬಂದು ನಿಂತಿತು. ಚರ್ಚ್‌ಗೇಟ್ ಆಮೇಲಿನದು. ಇವತ್ತು ದಾಖಲೆಯಲ್ಲಿ ಈ ರಸ್ತೆ ಮೌಲಾನಾ ಶೌಕತ್ ಅಲಿ ರೋಡ್, ಲ್ಯಾಮಿಂಗ್ಟನ್ ರೋಡ್ ಡಾ. ಭಡಕಮ್‌ಕರ್ ಮಾರ್ಗ, ಫಾಕ್‌ಲೆಂಡ್ ರೋಡ್ ಪಠ್ಠೇ ಬಾಪೂರಾವ್ ಮಾರ್ಗ. ಟ್ಯಾಕ್ಸಿಯವನಿಗೆ ಹಳೆಯ ಹೆಸರೇ ಹೇಳಬೇಕು.

ಒಂದು ಮಾತು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಜಗನ್ನಾಥ ಶಂಕರಶೇಟ್ ಕೊಟ್ಟ ಜಾಗದಲ್ಲಿ 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ಎದ್ದಿತು. 1853ರಲ್ಲಿ ವಿಷ್ಣುದಾಸ ಭಾವೆ ಅಲ್ಲಿ ಮರಾಠಿ ನಾಟಕ ಆಡಿಸಿದರು. ಉತ್ತರ ಕನ್ನಡದ ಭಾಗವತ ಮೇಳದ ಆಟ ಸಾಂಗಲಿಗೆ ಹೋದಾಗ, ಅಂಥದ್ದು ಮರಾಠಿಯಲ್ಲೂ ಆಗಲಿ ಎಂಬ ಅಲ್ಲಿಯ ರಾಜನ ಆಸೆಯಿಂದ 1843ರಲ್ಲಿ ‘ಸೀತಾಸ್ವಯಂವರ’ ಕಟ್ಟಿದವರು ಇದೇ ಭಾವೆ. ನಮ್ಮ ಹೋಟೆಲುಗಳು ಬರುವುದಕ್ಕೆ ಎಷ್ಟೋ ಮೊದಲು ನಮ್ಮ ಆಟದ ನೆರಳು ಗ್ರಾಂಟ್ ರೋಡಿನ ರಂಗದ ಮೇಲೆ ಬಿದ್ದಿತ್ತು.

ಇನ್ನು ನಕ್ಷೆಗಳ ವಿಷಯ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಜನ ಸತ್ತರು, ಉಳಿದವರು ಊರು ಬಿಟ್ಟು ಓಡಿದರು. 1891ರ ಜನಗಣತಿಯಲ್ಲಿ 8,21,764 ಇದ್ದ ಮುಂಬಯಿ 1901ಕ್ಕೆ 7,76,006ಕ್ಕೆ ಇಳಿಯಿತು. ರೋಗ ಇರುವುದು ಕತ್ತಲೆಯ, ಗಾಳಿಯಿಲ್ಲದ ಚಾಳುಗಳಲ್ಲಿ ಎಂಬುದು ಅಂದಿನ ಸರಕಾರದ ತಿಳುವಳಿಕೆ. ಗವರ್ನರ್ ಸ್ಯಾಂಡ್‌ಹರ್ಸ್ಟನ ಕಾಲದಲ್ಲಿ, 1898ರಲ್ಲಿ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಜಾಗ ವಶಪಡಿಸಿಕೊಳ್ಳುವುದು, ಕೆಡವುವುದು, ಅಗಲ ರಸ್ತೆ ಹಾಕಿ ಸಮುದ್ರದ ಗಾಳಿಯನ್ನು ಊರೊಳಗೆ ತರುವುದು ಅದರ ಕೆಲಸ. ಚೌಪಾಟಿಯ ಕಡೆಯಿಂದ ಪೂರ್ವಕ್ಕೆ ನೆಟ್ಟಗೆ ಹೋಗುವ ಸ್ಯಾಂಡ್‌ಹರ್ಸ್ಟ್ ರೋಡ್, ಅಂದರೆ ಇಂದಿನ ಎಸ್.ವಿ.ಪಿ. ರೋಡ್, ಟ್ರಸ್ಟಿನದೇ ಕೆಲಸ. ಅದರ ಮೊದಲ ಯೋಜನೆ ಗ್ರಾಂಟ್ ರೋಡಿನ ಬಗಲಲ್ಲೇ ಇರುವ ನಾಗಪಾಡಾ.

ಟ್ರಸ್ಟ್ ಮಾಡಿದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ. ಬಿ.ಐ.ಟಿ. ಚಾಳುಗಳೆಂದು ಇವತ್ತಿಗೂ ಕರೆಸಿಕೊಳ್ಳುವ ಕಟ್ಟಡಗಳು ಅದರವು. ಪರೇಲಿನ ಅಂಥದೊಂದು ಚಾಳಿನಲ್ಲಿ ಅಂಬೇಡ್ಕರ್ ವರ್ಷಗಟ್ಟಲೆ ಇದ್ದರು. ನಾವೆಲ್ಲ ಇಡ್ಲಿಗೂ ಮಲ್ಲಿಗೆಗೂ ಹೋಗುವ ಮಾಟುಂಗಾ ಬಡಾವಣೆಯೂ ಟ್ರಸ್ಟಿನ ನಕ್ಷೆಯಲ್ಲಿ ಹುಟ್ಟಿದ್ದು. 1942ರಲ್ಲಿ ರಾಮ ನಾಯಕರು ಅಲ್ಲಿ ಊಟದ ಎಲೆ ಹಾಕಿದ್ದು ಆ ಅಗಲ ರಸ್ತೆಗಳ ಮೇಲೇ. ಆದರೆ ಮೊದಲ ವರ್ಷಗಳಲ್ಲಿ ಟ್ರಸ್ಟ್ ಕಟ್ಟಿದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಮಾಲೀಕನಿಗೆ ಪರಿಹಾರ ಸಿಕ್ಕಿತು. ಖೋಲಿ ಕಳೆದುಕೊಂಡವನು ಕೆಲಸ ಬಿಟ್ಟು ದೂರ ಹೋಗಲಾರದೆ ಪಕ್ಕದ ಗಲ್ಲಿಯ ಚಾಳಿಗೇ ಹೊಕ್ಕ, ಅಲ್ಲಿ ಇನ್ನಷ್ಟು ಇಕ್ಕಟ್ಟಾಯಿತು. 1911ರ ಹೊತ್ತಿಗೂ ಮುಂಬಯಿಯ ಶೇಕಡಾ 80ರಷ್ಟು ಜನ ಒಂದೇ ಕೋಣೆಯ ಮನೆಗಳಲ್ಲಿದ್ದರು. 1933ರಲ್ಲಿ ಟ್ರಸ್ಟನ್ನು ಮುನಿಸಿಪಾಲಿಟಿಯೊಳಗೆ ಸೇರಿಸಿದರು.

ಆಮೇಲಿನ ತಾರೀಖು 1940ರ ಸೆಪ್ಟೆಂಬರ್ 1. 1947ರ ಬಾಡಿಗೆ ಕಾನೂನು ಬಾಡಿಗೆಯನ್ನು ಆ ದಿನದ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧ, ದೇಶ ವಿಭಜನೆ, ನಿರಾಶ್ರಿತರ ನಡುವೆ ಬಂದ ಕಾನೂನು; ಉದ್ದೇಶದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಬೆಲೆ ಏರಿತು, ಬಾಡಿಗೆ ಏರಲಿಲ್ಲ, ಮಾಲೀಕ ಗಿಲಾಯಿ ಮಾಡುವುದನ್ನೂ ಬಿಟ್ಟ. ಖೋಲಿ ಬೇಕಾದವನು ದೊಡ್ಡ ಗಂಟು ಕೊಟ್ಟು ಬಾಡಿಗೆದಾರನ ಹಕ್ಕನ್ನೇ ಕೊಳ್ಳುವ ಪಗಡಿ ಪದ್ಧತಿ ಬೆಳೆಯಿತು. ಕಾನೂನು ಅದನ್ನು ಒಪ್ಪಿದ್ದು 1999ರಲ್ಲಿ. ಅಷ್ಟರವರೆಗೆ ಎಲ್ಲವೂ ನಂಬಿಕೆಯ ಮೇಲೆ ಮತ್ತು ಒಂದು ಚೀಟಿಯ ಮೇಲೆ: ಭಾಡೆ ಪಾವತಿ, ಅಂದರೆ ಬಾಡಿಗೆ ರಸೀದಿ. ಮುಂಬಯಿಯಲ್ಲಿ ಮದುವೆಯ ಮಾತುಕತೆಯಲ್ಲೂ ಪಾವತಿ ಯಾರ ಹೆಸರಲ್ಲಿದೆ ಎಂದು ಕೇಳುತ್ತಿದ್ದ ಕಾಲವಿತ್ತು.

ಕಟ್ಟಡಗಳು ಮಳೆಗಾಲಕ್ಕೊಂದರಂತೆ ಬೀಳತೊಡಗಿದವು. 1969ರಲ್ಲಿ ರಿಪೇರಿ ಮಂಡಳಿಯ ಕಾನೂನು ಬಂತು. ದ್ವೀಪನಗರದ ಹಳೆಯ ಕಟ್ಟಡಗಳಿಂದ ರಿಪೇರಿಗೆಂದೇ ಒಂದು ಸೆಸ್ ವಸೂಲು ಮಾಡಿ ಆ ದುಡ್ಡಿನಿಂದ ಸರಿಪಡಿಸುವ ಏರ್ಪಾಡು. ಅಂದು ಲೆಕ್ಕಕ್ಕೆ ಸಿಕ್ಕ ಸೆಸ್ ಕಟ್ಟಡಗಳು 19,642. ಮಂಡಳಿ 1977ರಲ್ಲಿ ಮ್ಹಾಡಾದ ಒಳಗೆ ಬಂತು. 1986ರಲ್ಲಿ ಇನ್ನೊಂದು ತಿದ್ದುಪಡಿ: ಶೇಕಡಾ 70ರಷ್ಟು ನಿವಾಸಿಗಳು ಒಟ್ಟಾಗಿ ಕೇಳಿದರೆ, ತಿಂಗಳ ಬಾಡಿಗೆಯ ನೂರು ಪಟ್ಟು ಮಾಲೀಕನಿಗೆ ಕೊಟ್ಟು ಕಟ್ಟಡವನ್ನು ವಶಪಡಿಸಿಕೊಳ್ಳಬಹುದು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಅಲ್ಲಿಗೆ ಹೋದ ಆ ಕೇಸಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ 2024ರ ನವೆಂಬರ್ 5ರಂದು, ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪತ್ತು ಎನ್ನಲಾಗದು ಎಂದು ಬಹುಮತದಿಂದ ತೀರ್ಪು ಕೊಟ್ಟಿತು. ಮಾಲೀಕನಿಗೆ ವಕೀಲರಿದ್ದರು, ಬಾಡಿಗೆದಾರನ ಬೆನ್ನಿಗೆ ಸರಕಾರವಿತ್ತು. ಬೆಂಚಿನ ಮೇಲೆ ಮಲಗುವವನ ಕೇಸೇ ಅದಾಗಿರಲಿಲ್ಲ.

ನನ್ನ ದೊಡ್ಡಪ್ಪ ಹಾಗೆ ಮಲಗಿದವರು. ಕುಂದಾಪುರದ ಹತ್ತಿರದ ಹಳ್ಳಿಯಿಂದ 1950ರ ದಶಕದ ಕೊನೆಗೆ ಬಂದು ಗ್ರಾಂಟ್ ರೋಡ್ ಪೂರ್ವದ ಒಂದು ಹೋಟೆಲಿನಲ್ಲಿ ಮೇಜು ಒರೆಸುವುದರಿಂದ ಶುರುಮಾಡಿದರು. ರಾತ್ರಿ ಶಾಲೆಯಲ್ಲಿ ಏಳನೆಯವರೆಗೆ ಕಲಿತರು. ಎಪ್ಪತ್ತರ ಹೊತ್ತಿಗೆ ಅದೇ ಗಲ್ಲಿಯಲ್ಲಿ ಒಂದು ಚಿಕ್ಕ ಗಾಳಾವನ್ನು ಕಂಡಕ್ಟಿಂಗ್ ಮೇಲೆ ಹಿಡಿದರು. ಇಪ್ಪತ್ತು ವರ್ಷ ನಡೆಸಿದರು. ಗಿರಾಕಿಗಳೆಲ್ಲ ಅವರನ್ನೇ ಸೇಠ್ ಎನ್ನುತ್ತಿದ್ದರಂತೆ. ಕಟ್ಟಡ ಬೀಳುವ ಹಾಗಾಗಿ ಖಾಲಿ ಮಾಡಿಸಿದಾಗ, ಹೊಸ ಕಟ್ಟಡದಲ್ಲಿ ಗಾಳಾ ಸಿಕ್ಕಿದ್ದು ಪಾವತಿ ಯಾರ ಹೆಸರಲ್ಲಿತ್ತೋ ಅವರಿಗೆ. ಕಾನೂನಿನ ಪ್ರಕಾರ ಸರಿಯೇ. ಅವರು ಜಗಳವಾಡಲಿಲ್ಲ. ಸಿಟ್ಟು ಬರಲಿಲ್ಲವಾ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಎಂಥ ಸಿಟ್ಟು ಮಾರಾಯ, ಗಿರಾಕಿ ಎದ್ದು ಹೋದ್ಮೇಲೆ ಬೆಂಚು ನಮ್ದು, ಬೆಳಿಗ್ಗೆ ಐದಕ್ಕೆ ಮತ್ತೆ ಅವರದ್ದು. ಅಷ್ಟೇ ಲೆಕ್ಕ” ಎಂದರು.

ಅವರ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಮುಂಬಯಿಯ ಆ ತಿದ್ದುಪಡಿಯ ಮರುವರ್ಷ ಕರ್ನಾಟಕದಲ್ಲಿ ಇನ್ನೊಂದು ತಾರೀಖು ಬಂತು: 1974ರ ಮಾರ್ಚ್ 1. ದೇವರಾಜ ಅರಸರ ಭೂಸುಧಾರಣೆ. ಗೇಣಿ ಜಮೀನು ಅಂದಿನಿಂದ ಸರಕಾರದ್ದು. ಅದನ್ನು ಉಳುತ್ತಿದ್ದವನು ಡಿಕ್ಲರೇಶನ್ ಹಾಕಿದರೆ ಅವನದ್ದು. ದಕ್ಷಿಣ ಕನ್ನಡ ಗೇಣಿಯ ಜಿಲ್ಲೆ. ಅಲ್ಲಿ ಈ ಕಾನೂನು ಎಷ್ಟು ಮನೆಗಳ ಕತೆ ಬದಲಿಸಿತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯದೂ ಬದಲಾಯಿತು. ಗೇಣಿ ಬಾಕಿ ತೀರಿಸಿದ್ದು, ಕೋಣಗಳನ್ನು ಕೊಂಡದ್ದು ಗ್ರಾಂಟ್ ರೋಡ್ ಅಂಚೆ ಕಚೇರಿಯಿಂದ ಬಂದ ಮನಿ ಆರ್ಡರ್‌ಗಳಿಂದ. ಡಿಕ್ಲರೇಶನ್‌ಗೆ ಸಹಿ ಹಾಕಿದವರು ಊರಲ್ಲಿದ್ದ ನನ್ನ ಅಪ್ಪ. ಭೂ ನ್ಯಾಯಮಂಡಳಿ ಕೇಳುತ್ತಿದ್ದುದು ಉಳುವವರು ಯಾರು ಎಂದು, ದುಡ್ಡು ಕಳಿಸುವವರು ಯಾರು ಎಂದಲ್ಲ. ಆ ಗದ್ದೆಯ ಅನ್ನ ತಿಂದು ಓದಿದವನು ನಾನು.

ಮುಂದೆ 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ನಡೆಯಿತು. ಅಬ್ದುಲ್ ನಜೀರ್ ಸಾಬರು ತಂದ 1983ರ ಕಾನೂನಿನ ಫಲ. ಯಾವ ಊರಿಗೆ ಬೋರ್‌ವೆಲ್, ಯಾವ ಊರಿಗೆ ಶಾಲೆಯ ಕೋಣೆ ಎಂಬುದನ್ನು ಬೆಂಗಳೂರಿನ ಅಧಿಕಾರಿಯ ಬದಲು ಜಿಲ್ಲೆಯ ಜನ ಆರಿಸಿದವರು ತೀರ್ಮಾನಿಸುವುದು, ಹೆಂಗಸರಿಗೆ ಕಾಲು ಭಾಗ ಸೀಟು, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆ. ಮುಂಬಯಿಯ ಟ್ರಸ್ಟಿನ ನೆನಪಿನಲ್ಲಿ ನೋಡಿದರೆ ಇದು ಬೇರೆಯೇ ಬಗೆಯ ಸುಧಾರಣೆ: ನಕ್ಷೆ ಇಷ್ಟವಾಗದಿದ್ದರೆ ನಕ್ಷೆ ಬರೆದವನನ್ನು ಸೋಲಿಸಬಹುದು. ನನಗೆ ಈ ಪ್ರಯೋಗದ ಮೇಲೆ ಇವತ್ತಿಗೂ ಪ್ರೀತಿ. ಆದರೆ ದೊಡ್ಡಪ್ಪನ ಹೆಸರು ಊರಿನ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಅವರು ಮುಂಬಯಿಯವರು ಎಂದು ಊರು, ಊರಿನವರು ಎಂದು ಮುಂಬಯಿ. ನಮ್ಮ ಜಿಲ್ಲೆಯ ಎಷ್ಟೋ ದೇವಸ್ಥಾನಗಳ ಜೀರ್ಣೋದ್ಧಾರದ ಕಲ್ಲುಗಳಲ್ಲಿ ಮಾತ್ರ ಮುಂಬಯಿಯವರ ಹೆಸರು ದೊಡ್ಡ ಅಕ್ಷರದಲ್ಲಿವೆ. ಆ ಒಂದು ಪಟ್ಟಿಗೆ ತಾರೀಖಿನ ಷರತ್ತಿಲ್ಲ.

ಈಗ ಗ್ರಾಂಟ್ ರೋಡಿಗೆ ಮತ್ತೆ ನಕ್ಷೆ ಬಂದಿದೆ. ಒಂದೊಂದೇ ಕಟ್ಟಡ ಎತ್ತುವುದನ್ನು ಬಿಟ್ಟು ಇಡೀ ವಠಾರವನ್ನೇ ಎತ್ತುವ ‘ಕ್ಲಸ್ಟರ್’ ಕಾಲ ಇದು. ಭೇಂಡಿ ಬಜಾರಿನಲ್ಲಿ ಬೋಹ್ರಾ ಸಮುದಾಯದ ಟ್ರಸ್ಟ್ ಹದಿನಾರೂವರೆ ಎಕರೆಯಲ್ಲಿ 250ರಷ್ಟು ಹಳೆಯ ಕಟ್ಟಡಗಳ ಜಾಗಕ್ಕೆ ಗೋಪುರಗಳನ್ನು ಎಬ್ಬಿಸುತ್ತಿದೆ. 2017ರ ಆಗಸ್ಟ್ 31ರಂದು ಅಲ್ಲಿ ಹುಸೇನಿ ಬಿಲ್ಡಿಂಗ್ ಕುಸಿದು 33 ಜನ ಸತ್ತಿದ್ದರು. ಕಾಮಾಠಿಪುರದ ಸುಮಾರು 34 ಎಕರೆಗೆ ಮ್ಹಾಡಾದ ಯೋಜನೆ, ಮನೆಗೆ 500 ಚದರ ಅಡಿ ಎಂಬ ಭರವಸೆ. 2024ರ ಜುಲೈ ಮಳೆಯಲ್ಲಿ ಸ್ಟೇಷನ್ನಿನ ಪಕ್ಕದ ಸ್ಲೇಟರ್ ರೋಡಿನಲ್ಲಿ ಹಳೆಯ ಕಟ್ಟಡವೊಂದರ ಭಾಗ ಬಿದ್ದು ಒಬ್ಬ ಹೆಂಗಸು ತೀರಿಕೊಂಡಳು. ಹಾಗಾಗಿ ಈ ರಿಡೆವಲಪ್‌ಮೆಂಟೇ ಬೇಡ, ಹಳೆಯ ಚಾಳೇ ಚಂದ ಎನ್ನುವವರ ಜೊತೆ ನಾನಿಲ್ಲ. ಮರದ ಮೆಟ್ಟಿಲು ಅಲುಗಾಡುವ ಮನೆಯಲ್ಲಿ ಮಕ್ಕಳನ್ನು ಬೆಳೆಸಿದವರು ಲಿಫ್ಟು ಕೇಳುವುದು ನ್ಯಾಯ.

ಸೆಸ್ ಕಟ್ಟಡಗಳ ರಿಡೆವಲಪ್‌ಮೆಂಟ್ ನಿಯಮದಲ್ಲೂ ತಾರೀಖು ಇದೆ: 1996ರ ಜೂನ್ 13. ಅದರ ನಂತರ ಹುಟ್ಟಿಸಿದ ಹೊಸ ಬಾಡಿಗೆ ಹಕ್ಕು ಲೆಕ್ಕಕ್ಕಿಲ್ಲ. ಬಿಲ್ಡರ್ ಮತ್ತು ಮಾಲೀಕ ಸೇರಿ ಸುಳ್ಳು ಬಾಡಿಗೆದಾರರನ್ನು ತುರುಕಬಾರದು ಎಂಬ ಕಾರಣ ಒಪ್ಪಬೇಕಾದ್ದೇ. ಅಡುಗೆಯವನು, ಮಾಣಿ, ಹಮಾಲ, ಖಾನಾವಳಿಯಲ್ಲಿ ಪಾಳಿಯ ಮೇಲೆ ಚಾಪೆ ಹಾಸುವವನು ಮಾತ್ರ ಆ ತಾರೀಖಿನ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅವರಿಗೆ ಪಾವತಿಯ ಹಕ್ಕು ಕೊಡಿ ಎಂದು ನಾನು ವಾದಿಸುತ್ತಿಲ್ಲ. ಇಷ್ಟು ಹೋಟೆಲು, ಇಷ್ಟು ಗೋದಾಮು ಎಂದು ಬರೆಯುವ ನಕ್ಷೆಯಲ್ಲಿ ಅಲ್ಲಿ ದುಡಿಯುವವರು ರಾತ್ರಿ ಮಲಗಲು ಕಡಿಮೆ ಬಾಡಿಗೆಯ ಒಂದು ಡಾರ್ಮಿಟರಿಗಾದರೂ ಜಾಗ ಬರೆಯಬಹುದಲ್ಲ, ಅಷ್ಟೇ ನನ್ನ ಪ್ರಶ್ನೆ.

ಹೋದ ಮಳೆಗಾಲ ಈ ಲೇಖನಕ್ಕೆಂದು ಗ್ರಾಂಟ್ ರೋಡ್ ಪೂರ್ವದಲ್ಲಿ ಸುತ್ತುತ್ತಿದ್ದಾಗ ನಮ್ಮವರೊಬ್ಬರ ಹೋಟೆಲಿನಲ್ಲಿ ಚಹಾಕ್ಕೆ ಕೂತೆ. ಗಲ್ಲೆಯ ಮೇಲೆ ಗಣಪತಿ, ಪಕ್ಕದಲ್ಲಿ ಕೊಲ್ಲೂರು ಮೂಕಾಂಬಿಕೆ. ಮಾಣಿ ಒಡಿಶಾದ ಹುಡುಗ. ನಾಲ್ಕು ಜನ ಮೇಲಿನ ಮಾಳಾದಲ್ಲಿ ಮಲಗುತ್ತಾರಂತೆ. ನೆಟ್ಟಗೆ ಕೂತರೆ ತಲೆ ತಾಗುತ್ತದೆ ಎಂದು ಕೈಯಲ್ಲಿ ಎತ್ತರ ತೋರಿಸಿದ. ಕಟ್ಟಡದ ಸರ್ವೆ ಆಯಿತಾ ಎಂದು ಕೇಳಿದೆ. ಆಯಿತು, ಟೇಪು ಹಿಡಿದುಕೊಂಡು ಇಬ್ಬರು ಬಂದಿದ್ದರು, ಎಲ್ಲ ಅಳೆದರು ಎಂದ. ನಿಮ್ಮ ಹೆಸರು ಬರೆದುಕೊಂಡರಾ ಎಂದೆ.

“ಇಲ್ಲ ಸಾಬ್. ಸೇಠ್ ಎಲ್ಲಿ ಅಂತ ಕೇಳಿದರು. ಸೇಠ್ ಊರಿಗೆ ಹೋಗಿದ್ದಾರೆ, ಕುಂದಾಪುರಕ್ಕೆ ಅಂದೆ.”