ಬೇಲಿಯಾಚೆಯ ವಿಮಾನ ಮತ್ತು ಅದರೊಳಗಿನ ಬಿಸಿ

ನಮ್ಮ ತಾಲ್ಲೂಕಿನ ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಪೈಲಟ್ ಇಲ್ಲದ ರುಸ್ತುಂ-2 ಅಲ್ಲಿಂದ ಹಾರಿತ್ತು. ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲು ಬೇಲಿಯೊಳಗೆ ಹೋದ ನೋವು ನಮ್ಮ ಹಟ್ಟಿಗಳಲ್ಲಿ ಇನ್ನೂ ಆರಿಲ್ಲ. ಅದನ್ನು ಬೇರೆಯೇ ಬರೆಯಬೇಕು. ಇಲ್ಲಿ ಹೇಳುವುದು, ತಲೆಯೆತ್ತಿ ನೋಡುವ ನಮ್ಮ ಮಕ್ಕಳು ಕೇಳಬಹುದಾದ ಒಂದು ಪ್ರಶ್ನೆಯ ಬಗ್ಗೆ: ಅಷ್ಟು ಮೇಲೆ ಕೊರೆಯುವ ಚಳಿ, ಆದರೂ ವಿಮಾನದ ರೇಡಾರನ್ನು ತಣಿಸಬೇಕೇಕೆ?

ಒಂಬತ್ತು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಆದರೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಎರಡು ಪಾಲು ಮಾತ್ರ. ತೆಳು ಗಾಳಿ ಬಿಸಿಯನ್ನು ಹೊರಲಾರದು, ಫ್ಯಾನು ತಿರುಗಿದ್ದೇ ಬಂತು.

ಜೆಟ್ ವಿಮಾನ ಬಂದ ಮೇಲೆ ಎಂಜಿನ್ನಿನಿಂದಲೇ ಒತ್ತಿದ ಗಾಳಿ ತೆಗೆದು, ಅದರ ಬಿಸಿಯನ್ನು ಹೊರಗೆ ಬಿಟ್ಟು, ಟರ್ಬೈನಿನಲ್ಲಿ ಹಿಗ್ಗಿಸಿ ತಣ್ಣಗೆ ಮಾಡಿದರು. ಸೈಕಲ್ ಪಂಪು ಒತ್ತಿದಾಗ ಬಿಸಿಯಾಗುತ್ತದೆ, ಟ್ಯೂಬಿನ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ, ಅದೇ ತತ್ವ.

ಇನ್ನೊಂದು ಉಪಾಯ ಉಷ್ಣನಳಿಕೆ. 1942ರಲ್ಲಿ ಅಮೆರಿಕದ ಗಾಗ್ಲರ್ ಅದಕ್ಕೆ ಪೇಟೆಂಟ್ ಕೇಳಿದ್ದರು. 1963ರಲ್ಲಿ ಲಾಸ್ ಅಲಮೋಸ್‌ನ ಗ್ರೋವರ್ ಮತ್ತೆ ಅದನ್ನೇ ಕಂಡುಹಿಡಿದರು. ಮುಚ್ಚಿದ ಕೊಳವೆಯ ಬಿಸಿ ತುದಿಯಲ್ಲಿ ದ್ರವ ಆವಿಯಾಗಿ, ತಣ್ಣನೆ ತುದಿಯಲ್ಲಿ ಹನಿಯಾಗಿ, ದೀಪದ ಬತ್ತಿ ಎಣ್ಣೆ ಎಳೆದಂತೆ ವಾಪಸು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.

ತೊಡಕಿರುವುದು ವಿಮಾನ ಗಕ್ಕನೆ ತಿರುಗಿದಾಗ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ 8 ಜಿ ವರೆಗೆ ತಾಳಬಲ್ಲದು. ಆಗ ಒಂದೊಂದು ಹನಿಯೂ ಎಂಟು ಪಟ್ಟು ಭಾರ. ಬತ್ತಿಯ ಸೆಳೆತ ಅದಕ್ಕೆ ಸಾಲದು. ದ್ರವ ಒಂದೇ ತುದಿಗೆ ಹೋಗಿ ನಿಂತರೆ ಬಿಸಿ ತುದಿ ಒಣಗುತ್ತದೆ. ಶತ್ರುವನ್ನು ಹುಡುಕಲು ರೇಡಾರ್ ಹೆಚ್ಚು ಬೇಕಾಗುವುದೂ ಅದೇ ಗಳಿಗೆಯಲ್ಲಿ! ಕೆಲವು ಸೆಕೆಂಡುಗಳಾದರೆ ಲೋಹವೇ ಆ ಬಿಸಿಯನ್ನು ನುಂಗಿಕೊಂಡೀತು. ಹೆಚ್ಚು ಹೊತ್ತಿಗೆ ಪಂಪಿನಿಂದ ದ್ರವ ಹರಿಸಲೇಬೇಕು. ತೇಜಸ್‌ಗೆಂದು ಬೆಂಗಳೂರಿನ ಎಲ್‌ಆರ್‌ಡಿಇ ರೂಪಿಸಿದ ಉತ್ತಮ್ ರೇಡಾರಿನಂಥವುಗಳಲ್ಲಿ ನೂರಾರು ಪುಟ್ಟ ಪ್ರೇಷಕಗಳು ಒತ್ತೊತ್ತಾಗಿ ಕೂತಿರುತ್ತವೆ, ಪ್ರತಿಯೊಂದೂ ಬಿಸಿಯ ಬುಗ್ಗೆ.

ಆ ದ್ರವ ಹೊತ್ತ ಬಿಸಿಯನ್ನು ಎಲ್ಲಾದರೂ ಇಳಿಸಬೇಕಲ್ಲ? ಹಲವು ಯುದ್ಧವಿಮಾನಗಳಲ್ಲಿ ಅದು ಇಂಧನಕ್ಕೇ ಹೋಗುತ್ತದೆ. ಟ್ಯಾಂಕು ಬರಿದಾಗುತ್ತ ಬಂದಂತೆ ಬಿಸಿ ಹೊರುವ ಇಂಧನವೂ ಕಡಿಮೆಯಾಗುವುದರಿಂದ, ವಿಮಾನ ಮನೆಗೆ ಮರಳುವ ಹೊತ್ತಿಗೇ ತಣಿಸುವ ಕೆಲಸ ಕಷ್ಟವಾಗುತ್ತದೆ.