ಪತ್ರದ ಕೊನೆಯಲ್ಲೊಂದು ಬಿಕ್ಕಲಂ

ತಾಲ್ಲೂಕು ಕೇಂದ್ರಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿರದ ಕಾಲವೊಂದಿತ್ತು. ಬೆರಳಚ್ಚು ಯಂತ್ರಗಳ ಸದ್ದೇ ದಾರಿ ತೋರಿಸುತ್ತಿತ್ತು. ಮರದ ನೆರಳಿನಲ್ಲಿ ಒಂದು ಮೇಜು, ಒಂದು ತಗಡಿನ ಪೆಟ್ಟಿಗೆ, ಎದುರಿಗೊಂದು ಬೆಂಚು. ಬೆಂಚಿನ ಒಂದು ತುದಿಯಲ್ಲಿ ಜಮೀನು ಕೊಡುವವರು, ಇನ್ನೊಂದು ತುದಿಯಲ್ಲಿ ಕೊಳ್ಳುವವರು. ಇವರಿಬ್ಬರ ನಡುವೆ ಕುಳಿತು ಮಾತನ್ನು ಕಾಗದಕ್ಕೆ ಇಳಿಸುವವರೇ ಪತ್ರ ಬರಹಗಾರರು. ಅಮೆರಿಕದಲ್ಲಿ ಮನೆ ಮಾರಾಟದ ಕಾಗದಪತ್ರಗಳ ಬೆನ್ನು ಹತ್ತಿ ವ್ಯವಹಾರ ಮುಗಿಸಿಕೊಡುವವರಿಗೆ 'ಟ್ರಾನ್ಸಾಕ್ಷನ್ ಕೋಆರ್ಡಿನೇಟರ್' ಎಂಬ ಹೆಸರಿದೆ. ನಮ್ಮಲ್ಲಿ ಆ ಕೆಲಸದ ಬಹುಪಾಲನ್ನು ಅಂಥ ಹೆಸರೇನೂ ಇಲ್ಲದೆ ಮಾಡಿಕೊಂಡು ಬಂದವರು ಇವರು. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ, ಸಾಕ್ಷಿಗಳ ಸಹಿಯ ಆಸುಪಾಸಿನಲ್ಲಿ, 'ಬಿಕ್ಕಲಂ' ಎಂದು ಬರೆದು ಅದರ ಮುಂದೆ ಇರುವ ಹೆಸರು ಇವರದೇ. 'ಇಂಥವರ ಲೇಖನಿಯಿಂದ' ಎಂಬುದು ಅದರ ಅರ್ಥ. ಆಡಳಿತ ಫಾರಸಿಯಲ್ಲಿ ನಡೆಯುತ್ತಿದ್ದ ದಿನಗಳಿಂದ ಉಳಿದುಬಂದ ಮಾತು ಅದು.

ಪದ ಫಾರಸಿಯದಾದರೂ ಕಸುಬು ಅದಕ್ಕಿಂತ ಬಹಳ ಹಳೆಯದು. ಕನ್ನಡ ಶಾಸನಗಳ ಕೊನೆಯಲ್ಲಿ ಬರೆದವನಾಗಿ 'ಸೇನಬೋವ'ನ ಹೆಸರು ಮತ್ತೆ ಮತ್ತೆ ಬರುತ್ತದೆ. ಮುಂದೆ ಶಾನುಭೋಗನಾದವನು ಇವನೇ. ವಿಜಯನಗರದ ಕೃಷ್ಣದೇವರಾಯನ ತಾಮ್ರಪಟಗಳಲ್ಲಿ ಪಾಠ ರಚಿಸಿದ ಸಭಾಪತಿಯ ಹೆಸರೂ ಇದೆ, ಅಕ್ಷರ ಕೊರೆದ ವೀರಣಾಚಾರ್ಯನ ಹೆಸರೂ ಇದೆ. ರಾಜನ ದಾನಕ್ಕೂ ಬರೆದವರ ಗುರುತು ಬೇಕಾಗಿತ್ತು.

ಇಂಥ ತಾಮ್ರಪಟಗಳಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ದೇವತಾಸ್ತುತಿ, ರಾಜನ ವಂಶಾವಳಿ, ದಾನದ ಮಹಿಮೆ ಎಲ್ಲವೂ ಸಂಸ್ಕೃತದ ಶ್ಲೋಕಗಳಲ್ಲಿ ಸಾಗುತ್ತವೆ. ಆದರೆ ಜಮೀನಿನ ಗಡಿ ಹೇಳುವ ಜಾಗ ಬಂದೊಡನೆ ಅನೇಕ ಪಟಗಳು ಕನ್ನಡಕ್ಕೆ ಇಳಿಯುತ್ತವೆ. ಪೂರ್ವಕ್ಕೆ ಹಳ್ಳ, ತೆಂಕಣಕ್ಕೆ ಹುತ್ತ, ಅಲ್ಲಿಂದ ಹುಣಸೆಯ ಮರ, ನೆಟ್ಟ ಕಲ್ಲು ಎಂದು ಮಾತು ಹೊಲದ ಬದುವಿನ ಮೇಲೆ ನಡೆಯತೊಡಗುತ್ತದೆ. ರಾಜನ ಬಿರುದು ಯಾರಿಗೆ ಅರ್ಥವಾಗದಿದ್ದರೂ ನಡೆದೀತು, ಗಡಿ ಮಾತ್ರ ಪಕ್ಕದ ಹೊಲದವನಿಗೂ ಅರ್ಥವಾಗಲೇಬೇಕು. ಪತ್ರ ಬರಹಗಾರರ ವಿದ್ಯೆಯ ತಿರುಳು ಇರುವುದೇ ಇಲ್ಲಿ. ಇಂದಿನ ಕ್ರಯಪತ್ರದಲ್ಲಿ ಇದನ್ನು 'ಚೆಕ್ಕುಬಂದಿ' ಎನ್ನುತ್ತಾರೆ.

ಶಾಸನಗಳಿಂದ ಇಂದಿನ ಪತ್ರಕ್ಕೆ ಬಂದ ಇನ್ನೊಂದು ಆಸ್ತಿ 'ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ' ಎಂಬ ಅಷ್ಟಭೋಗಗಳ ಸಾಲು. ನೆಲದಲ್ಲಿ ಹೂತ ಹಣ, ನೀರು, ಕಲ್ಲು, ಈಗ ಬರುವ ಮತ್ತು ಮುಂದೆ ಬರಬಹುದಾದ ಆದಾಯ ಎಲ್ಲವೂ ಕೊಂಡವನಿಗೇ ಸೇರಿದ್ದು ಎಂಬುದು ಇದರ ಸಾರ. ಮೂವತ್ತು ನಲವತ್ತು ಅಡಿಯ ನಿವೇಶನಕ್ಕೂ ಈ ಸಾಲನ್ನು ಬಿಡದೆ ಬರೆಯುವವರಿದ್ದಾರೆ! ಕೊಳವೆ ಬಾವಿಯ ಈ ಕಾಲದಲ್ಲಿ 'ಜಲ'ದ ಮಾತು ಅಷ್ಟೇನೂ ಹಳತಾಗಿಲ್ಲ ಎನ್ನಬೇಕು.

ಹಳ್ಳಿಯ ಲೆಕ್ಕವೆಲ್ಲ ಶಾನುಭೋಗನ ಕೈಯಲ್ಲಿದ್ದಾಗ ಅದು ಇರುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಇಂದು ಸರ್ಕಾರಿ ಕಚೇರಿಯ ಫೈಲಿಗೆ 'ಕಡತ' ಎನ್ನುವಾಗ ಈ ಕಪ್ಪು ಬಟ್ಟೆಯನ್ನು ಯಾರೂ ನೆನೆಯುವುದಿಲ್ಲ. ಭೂಮಿಯ ಅಳತೆಯೂ ಆಗ ಬಿತ್ತನೆಯ ಬೀಜದ ಲೆಕ್ಕದಲ್ಲಿತ್ತು. ಒಂದು ಖಂಡುಗ ಬೀಜ ಹಿಡಿಸುವ ಗದ್ದೆ ಒಂದು ಖಂಡುಗದ ಗದ್ದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಮುಂಬಯಿ ಕರ್ನಾಟಕದಲ್ಲಿ, ಆಮೇಲೆ 1860ರ ದಶಕದಿಂದ ಮೈಸೂರಿನಲ್ಲಿ ಮೋಜಣಿ ನಡೆದು ಸರ್ವೆ ನಂಬರುಗಳು ಬಂದವು. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ನಾಣ್ಯದಿಂದ ಮಾಯವಾದ ಆಣೆ ಭೂಮಿಯ ಅಳತೆಯಲ್ಲಿ ಇನ್ನೂ ಉಳಿದಿದೆ.

ಬ್ರಿಟಿಷರು 1864ರಲ್ಲಿ ಕೆಲವು ಬಗೆಯ ಪತ್ರಗಳ ನೋಂದಣಿಯನ್ನು ಕಡ್ಡಾಯಗೊಳಿಸಿದರು. 1882ರ ಸ್ವತ್ತು ವರ್ಗಾವಣೆ ಕಾಯ್ದೆ, ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು ಎಂದಿತು. ನೂರು ರೂಪಾಯಿ ಆಗ ದೊಡ್ಡ ಮೊತ್ತ! ಇವುಗಳ ಬೆನ್ನಿಗೆ ಬಂದ 1908ರ ನೋಂದಣಿ ಕಾಯ್ದೆ ತಿದ್ದುಪಡಿಗಳೊಡನೆ ನಮ್ಮ ಕಾಲದವರೆಗೂ ಬಂದಿದೆ.

ಈ ಕಾನೂನಿನಲ್ಲಿ ಜನಸಾಮಾನ್ಯರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ನೋಂದಣಾಧಿಕಾರಿ ಮುಖ್ಯವಾಗಿ ನೋಡುವುದು, ಪತ್ರ ಬರೆದುಕೊಟ್ಟವನು ಇವನೇ ಹೌದೋ, ಬರೆದುಕೊಟ್ಟದ್ದನ್ನು ಒಪ್ಪುತ್ತಾನೋ, ಮುದ್ರಾಂಕ ಶುಲ್ಕ ಸರಿಯಾಗಿದೆಯೋ ಎಂಬುದನ್ನು. ಜಮೀನು ನಿಜವಾಗಿಯೂ ಅವನದೇ ಎಂದು ತೀರ್ಮಾನಿಸುವುದು ಆ ಅಧಿಕಾರಿಯ ಕೆಲಸವಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಿಂದ ಜಾರಿಗೆ ಬಂದ ಟಾರೆನ್ಸ್ ಪದ್ಧತಿಯಲ್ಲಿ ದಾಖಲಾದ ಹಕ್ಕಿಗೆ ಸರ್ಕಾರವೇ ಹೊಣೆ. ನಮ್ಮಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಹಕ್ಕಲ್ಲ. ಸೀಲು ಬಿದ್ದ ಮೇಲೆ ಎಲ್ಲ ಭದ್ರವಾಯಿತು ಎಂದು ನಂಬಿ ಜೀವಮಾನದ ಉಳಿತಾಯ ಕಳೆದುಕೊಂಡವರು ಈ ಅಂತರಕ್ಕೆ ಬಿದ್ದವರೇ.

ಹಾಗಾದರೆ ನೋಡುವವರು ಯಾರು? ವಕೀಲರನ್ನು ಕಾಣುವ ಶಕ್ತಿ ಇದ್ದವರಿಗೆ ವಕೀಲರು. ಉಳಿದವರಿಗೆ ಮರದ ಕೆಳಗಿನ ಬರಹಗಾರರೇ ಗತಿ. ಪತ್ರ ಬರೆಯುವ ಮೊದಲು ಒಳ್ಳೆಯ ಬರಹಗಾರ ಕೇಳುವ ಪ್ರಶ್ನೆಗಳಿಗೆ ಅವನ ಕೈಬರಹಕ್ಕಿಂತ ಹೆಚ್ಚು ಬೆಲೆ. ಪಹಣಿ ಯಾರ ಹೆಸರಿನಲ್ಲಿದೆ? ಪಿತ್ರಾರ್ಜಿತವೋ, ಸ್ವಯಾರ್ಜಿತವೋ? ವಿಭಾಗ ಆಗಿದೆಯೇ? ಸೊಸೈಟಿಯ ಸಾಲ ತೀರಿದೆಯೇ? ಋಣಭಾರ ಪತ್ರ ಎಷ್ಟು ವರ್ಷದ್ದು ತೆಗೆಸಿದ್ದೀರಿ?

ಇವುಗಳಲ್ಲಿ ಬೆಂಚಿನ ಮೇಲೆ ಮೌನ ಉಂಟುಮಾಡುವ ಪ್ರಶ್ನೆಯೊಂದಿದೆ: 'ಅಕ್ಕ ತಂಗಿಯರು ಎಷ್ಟು ಜನ?' ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಮದುವೆಯಾಗಿ ಹೋದ ತಂಗಿಯ ಸಹಿಯಿಲ್ಲದೆ ಅಣ್ಣಂದಿರು ಬರೆದುಕೊಟ್ಟ ಪತ್ರ ವರ್ಷಗಳ ನಂತರ ನ್ಯಾಯಾಲಯದ ಕಟಕಟೆ ಏರಿದ ಪ್ರಕರಣಗಳಿಗೆ ಲೆಕ್ಕವಿಲ್ಲ. ಆಕೆಗೆ ನ್ಯಾಯವಾಗಿ ಬರಬೇಕಾದ ಪಾಲು ತಪ್ಪಿತು, ಕೊಂಡ ಅಮಾಯಕನ ಹಣವೂ ಸಿಕ್ಕಿಹಾಕಿಕೊಂಡಿತು. ಇವೆರಡೂ ಪ್ರಾರಂಭವಾದದ್ದು ಆ ಬೆಂಚಿನ ಮೇಲೆ ಕೇಳದೇ ಹೋದ ಒಂದು ಪ್ರಶ್ನೆಯಿಂದ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯವೂ ಹೀಗೆಯೇ. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದರೆ ಪತ್ರ ಎಷ್ಟೇ ಚೊಕ್ಕವಾಗಿದ್ದರೂ ಸೊನ್ನೆ.

ಚೆಕ್ಕುಬಂದಿಯ ತೂಕವೂ ನ್ಯಾಯಾಲಯದಲ್ಲೇ ತಿಳಿಯುವುದು. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಎಲ್ಲೆಗಳಿಗೂ ಹೊಂದಿಕೆಯಾಗದಿದ್ದರೆ ಸಾಮಾನ್ಯವಾಗಿ ಎಲ್ಲೆಗಳಿಗೇ ಮನ್ನಣೆ. ಪೂರ್ವ ಪಶ್ಚಿಮ ಅದಲುಬದಲಾದರೆ ಮನೆ ಪಕ್ಕದವನದಾದೀತು. ತಪ್ಪಾದಾಗ ಬರೆಯುವ 'ತಿದ್ದುಪಡಿ ಪತ್ರ'ಕ್ಕೆ ಮಾರಿದವನು ಮತ್ತೆ ಬಂದು ಸಹಿ ಹಾಕಬೇಕು. ಅಷ್ಟರಲ್ಲಿ ಬೆಲೆ ಏರಿದ್ದರೆ ಅವನ ಮನಸ್ಸೂ ಬದಲಾಗಿರುತ್ತದೆ!

ಶಾನುಭೋಗಿಕೆಯಂಥ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಹಳ್ಳಿಯ ಲೆಕ್ಕ ಸಂಬಳದ ನೌಕರರ ಕೈಗೆ ಹೋಯಿತು. ಪತ್ರ ಬರಹಗಾರರಿಗೆ ಪರವಾನಗಿ ನಿಯಮಗಳು ಬಂದದ್ದು 1979ರಲ್ಲಿ. ಸಂಬಳವಿಲ್ಲ, ಪಿಂಚಣಿ ಇಲ್ಲ, ಆದರೆ ಸರ್ಕಾರದ ಪರವಾನಗಿ ಇದೆ ಎಂಬ ವಿಚಿತ್ರ ಸ್ಥಿತಿ ಇವರದು. ಆರ್.ಕೆ. ನಾರಾಯಣ್ ಅವರ 'ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್' ಕಾದಂಬರಿಯ ಮಾರ್ಗಯ್ಯ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುವುದು ಓದುಗರಿಗೆ ನೆನಪಿರಬಹುದು. ಕಚೇರಿಯ ಒಳಗಿನ ಭಾಷೆಯನ್ನು ಹೊರಗಿನವರಿಗೆ ಬಿಡಿಸಿ ಹೇಳುವವನಿಗೆ ಮರದ ನೆರಳೇ ಕಚೇರಿ.

ಎಲ್ಲರೂ ಸಾಚಾ ಎಂದು ಹೇಳುವಂತಿಲ್ಲ. ನಿಗದಿಯಾದ ಶುಲ್ಕಕ್ಕಿಂತ ಹೆಚ್ಚು ಕೇಳುವುದು, 'ಒಳಗಿನ ಖರ್ಚು' ಎಂದು ಬೇರೆ ವಸೂಲಿ ಮಾಡುವುದು, ಮುದ್ರಾಂಕ ಉಳಿಸಲು ಬೆಲೆ ಕಡಿಮೆ ತೋರಿಸುವಂತೆ ಸಲಹೆ ಕೊಡುವುದು, ಇವೆಲ್ಲ ಬಹುಕಾಲದ ದೂರುಗಳು. ಆದರೆ ದಲ್ಲಾಳಿಗೂ ಇವರಿಗೂ ಒಂದು ವ್ಯತ್ಯಾಸವಿದೆ. ದಲ್ಲಾಳಿಯ ಹೆಸರು ಪತ್ರದಲ್ಲಿರುವುದಿಲ್ಲ. ಬರಹಗಾರ ಸಹಿ ಹಾಕಿರುತ್ತಾನೆ. ವರ್ಷಗಳು ಕಳೆದು ವ್ಯಾಜ್ಯ ಹುಟ್ಟಿದಾಗ ಸಮನ್ಸು ಅವನ ಮನೆ ಹುಡುಕಿಕೊಂಡು ಬರಬಹುದು.

2000ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ನಕಲಿ ಛಾಪಾ ಕಾಗದದ ಹಗರಣ ಈ ಲೋಕವನ್ನು ಅಲುಗಾಡಿಸಿತು. ಅದರ ನಂತರ ಛಾಪಾ ಕಾಗದದ ಮಾರಾಟವೇ ರಾಜ್ಯದಲ್ಲಿ ನಿಂತಿತು. ಪತ್ರಗಳನ್ನು ದಪ್ಪ ಪುಸ್ತಕಗಳಿಗೆ ನಕಲು ಮಾಡುತ್ತಿದ್ದ ಕಚೇರಿಗಳಿಗೆ 'ಕಾವೇರಿ' ಎಂಬ ಗಣಕ ವ್ಯವಸ್ಥೆ ಬಂತು. 2023ರ 'ಕಾವೇರಿ 2.0' ವ್ಯವಸ್ಥೆಯಲ್ಲಿ ನಾಗರಿಕರು ತಾವೇ ವಿವರ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಭಾವಚಿತ್ರಕ್ಕೂ ಹೆಬ್ಬೆಟ್ಟಿಗೂ ಮಾತ್ರ ಕಚೇರಿಗೆ ಹೋಗಬಹುದು. ನಕಲಿ ದಾಖಲೆಯ ನೋಂದಣಿಯನ್ನು ತಡೆಯುವ, ಆದದ್ದನ್ನು ರದ್ದುಪಡಿಸುವ ಅಧಿಕಾರ ನೀಡುವ ತಿದ್ದುಪಡಿಗೂ ಅದೇ ವರ್ಷ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ನಮ್ಮ ಕಸುಬು ಹೋಗುತ್ತದೆ ಎಂದು ಬರಹಗಾರರು ಬೀದಿಗಿಳಿದು ಪ್ರತಿಭಟಿಸಿದ್ದೂ ಆಯಿತು.

ಮಧ್ಯವರ್ತಿಯಿಲ್ಲದೆ ಕೆಲಸವಾಗುವುದು ಸ್ವಾಗತಾರ್ಹವೇ. ಕಲಿತವರಿಗೆ, ಒಂದೇ ಹೆಸರಿನಲ್ಲಿರುವ ಫ್ಲ್ಯಾಟಿಗೆ ಅದು ಸಾಕಾಗುತ್ತದೆ. ಮೂರು ತಲೆಮಾರಿನಿಂದ ಭಾಗವಾಗದ ಹೊಲದ ಕಥೆ ಬೇರೆ. ಅಂಥ ಹೊಲದವರು ಈಗಲೂ ಕಚೇರಿಯ ಎದುರಿನ ಸಾಲು ಮಳಿಗೆಗೇ ಬರುತ್ತಾರೆ. ಅಲ್ಲಿ ಬೆರಳಚ್ಚು ಯಂತ್ರದ ಜಾಗದಲ್ಲಿ ಕಂಪ್ಯೂಟರ್ ಇದೆ. ಪರದೆಯ ಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ನಾಲ್ಕು ಖಾಲಿ ಚೌಕಗಳಿರುತ್ತವೆ. ಅವುಗಳಲ್ಲಿ ಏನು ತುಂಬಬೇಕೆಂದು ಹೇಳಲು ಹಿರಿಯರೊಬ್ಬರು ಹಳೆಯ ಪತ್ರವನ್ನು ಬಟ್ಟೆಯ ಗಂಟಿನಿಂದ ಬಿಚ್ಚುತ್ತಾರೆ.